ಡ್ರೋನು ಕಿವುಡಾದರೆ ಏನು ಮಾಡಬೇಕು?



ಆಳೆತ್ತರ ಮೀರಿ ಬೆಳೆದ ಕಬ್ಬಿನೊಳಗೆ ಸಿಂಪರಣಾ ಯಂತ್ರ ಬೆನ್ನಿಗೆ ಕಟ್ಟಿಕೊಂಡು ಓಡಾಡುವ ಕಷ್ಟ ತಮಗೆಲ್ಲ ಗೊತ್ತೇ ಇದೆ. ಆ ಕೆಲಸಕ್ಕೆ ಈಗ ಡ್ರೋನು ಬಂದಿದೆ. ಅದಿಯಮಾನ್‌ಕೋಟೆ ಸುತ್ತಿನಲ್ಲಿ ಅದನ್ನು ಬಾಡಿಗೆಗೆ ತರುವ ಮುನ್ನ ಒಂದು ಮಾತು ತಿಳಿದಿರಲಿ. ಔಷಧ ಹೊತ್ತ ಡ್ರೋನು ಹೇಳಿದ ಮಾತು ಕೇಳದೆ ಹೋದರೆ ನೆರೆಹೊಲಕ್ಕೂ ಕೇಡು. ಎಳೆಗಬ್ಬಿಗೆ ಹೊಡೆಯುವ 2,4-ಡಿ ಕಳೆನಾಶಕ ಪಕ್ಕದವರ ಟೊಮ್ಯಾಟೊ ಮೇಲೆ ಬಿದ್ದರೆ ಎಲೆ ಮುರುಟಿ ಬೆಳೆಯೇ ಕೆಡುತ್ತದೆ.

ಡ್ರೋನು ಅಪ್ಪಣೆ ಕೇಳುವುದು ರೇಡಿಯೋ ಅಲೆಗಳ ಮೂಲಕ, ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ತಾನಿರುವ ಜಾಗವನ್ನು ಅದು ಸುಮಾರು 20,000 ಕಿ.ಮೀ. ಎತ್ತರದ ಜಿ.ಪಿ.ಎಸ್. ಉಪಗ್ರಹಗಳಿಂದ ತಿಳಿಯುತ್ತದೆ. ಆ ಸಂಕೇತ ಬಹಳ ಕ್ಷೀಣ. ಸಂತೆಯಲ್ಲಿ ತಮಟೆಯ ಪಕ್ಕ ನಿಂತವನಿಗೆ ಗೆಳೆಯನ ಕೂಗು ಕೇಳಿಸದು. ಹಾಗೆಯೇ ಅದೇ ಅಲೆಯಲ್ಲಿ ಬಲವಾದ ಗದ್ದಲ ಎಬ್ಬಿಸಿದರೆ ಡ್ರೋನು ಕಿವುಡಾಗುತ್ತದೆ. ಇದೇ ಜ್ಯಾಮಿಂಗ್.

ಇದು ಮುಖ್ಯವಾಗಿ ಯುದ್ಧದ ವಿದ್ಯೆ. ಶತ್ರು ಡ್ರೋನನ್ನು ಹೀಗೆ ತಡೆಯಬಲ್ಲ ಡಿ-4 ವ್ಯವಸ್ಥೆಯನ್ನು ಡಿ.ಆರ್.ಡಿ.ಒ. ರೂಪಿಸಿದೆ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಅದನ್ನು ತಯಾರಿಸುತ್ತದೆ.

ಜ್ಯಾಮಿಂಗ್‌ನಿಂದ ಪಾರಾಗಲು ಹಳೆಯ ಉಪಾಯವೊಂದಿದೆ: ಒಂದೇ ಅಲೆಯಲ್ಲಿ ನಿಲ್ಲದೆ ಜಿಗಿಯುತ್ತಿರುವುದು. 1942ರಲ್ಲಿ ಚಿತ್ರನಟಿ ಹೆಡಿ ಲಮಾರ್ ಹಾಗೂ ಸಂಗೀತಗಾರ ಜಾರ್ಜ್ ಆಂಥೈಲ್ ಅಮೆರಿಕದಲ್ಲಿ ಇಂಥ ವಿಧಾನಕ್ಕೆ ಪೇಟೆಂಟ್ ಪಡೆದರು. ಪಿಯಾನೋದ 88 ಮನೆಗಳಂತೆ ಅದರಲ್ಲಿ 88 ಅಲೆಗಳು. ಆದರೆ ಇದು ಮೊದಲೇ ಬರೆದಿಟ್ಟ ಕುಣಿತ. ಗದ್ದಲ ಎಲ್ಲಿದೆಯೆಂದು ನೋಡುವುದಿಲ್ಲ.

ಕೃತಕ ಬುದ್ಧಿಮತ್ತೆ ನೋಡಿ ಜಿಗಿಯುತ್ತದೆ. ಎಲೆಯ ಚುಕ್ಕೆ ನೋಡಿಯೇ ಅನುಭವಿ ರೈತ ರೋಗ ಗುರುತಿಸುವಂತೆ, ಸಾವಿರಾರು ಮಾದರಿಗಳಿಂದ ಕಲಿತ ಯಂತ್ರವು ದೂರದಿಂದ ಕ್ಷೀಣಿಸಿದ ಸಂಕೇತ, ನೆರೆಯ ವೈ-ಫೈ ಹಾಗೂ ಬೇಕೆಂದೇ ಎಬ್ಬಿಸಿದ ಗದ್ದಲ ಇವುಗಳನ್ನು ಬೇರ್ಪಡಿಸುತ್ತದೆ. ಬಳಿಕ ಖಾಲಿ ಅಲೆಗೆ ಸರಿಯುತ್ತದೆ, ಇಲ್ಲವೇ ನಿಧಾನವಾಗಿ, ಬಿಡಿಸಿ ಮಾತನಾಡುತ್ತದೆ. ಜಿ.ಪಿ.ಎಸ್. ಕೆಟ್ಟರೆ ಕ್ಯಾಮೆರಾದಿಂದ ನೆಲ ನೋಡಿ ದಾರಿ ಹಿಡಿಯುವ ಡ್ರೋನುಗಳೂ ಇವೆ. ಆದರೂ ಎಲ್ಲ ಅಲೆಗಳನ್ನೂ ಒಟ್ಟಿಗೆ ಮುಳುಗಿಸುವ ಗದ್ದಲದ ಮುಂದೆ ಯಾವ ಬುದ್ಧಿಯೂ ಸೋಲಬಹುದು.

ಆದ್ದರಿಂದ ಬೆಳೆಗಾರರು ಗಮನಿಸಬೇಕಾದ ಅಂಶಗಳು:

1. ಸಂಪರ್ಕ ಕಡಿದ ಕೂಡಲೇ ಸಿಂಪರಣೆ ನಿಂತು ಡ್ರೋನು ಹೊರಟಲ್ಲಿಗೆ ಮರಳುವಂತೆ ಮೊದಲೇ ಹೊಂದಿಸಿದೆಯೇ ಎಂದು ಚಾಲಕನನ್ನು ಕೇಳಿರಿ. ಮರಳುವ ಎತ್ತರ ತೆಂಗಿನ ಮರಕ್ಕೂ ವಿದ್ಯುತ್ ತಂತಿಗೂ ಮೇಲಿರಲಿ.

2. ಹೊಲದಲ್ಲಿ ಸಂಪರ್ಕ ಕಡಿದರೆ ಶತ್ರುವನ್ನು ಹುಡುಕುವ ಮೊದಲು ಕಬ್ಬನ್ನೇ ನೋಡಿರಿ. ನೀರು ತುಂಬಿದ ಎಲೆಗಳು ಈ ಅಲೆಗಳನ್ನು ನುಂಗುತ್ತವೆ. ಚಾಲಕ ಎತ್ತರದ ಬದುವಿನ ಮೇಲೆ, ಡ್ರೋನು ಕಣ್ಣಿಗೆ ಕಾಣುವಂತೆ ನಿಲ್ಲಬೇಕು.

3. ಮರಳುವ ಏರ್ಪಾಡಿಗೂ ಸಾಮಾನ್ಯವಾಗಿ ಜಿ.ಪಿ.ಎಸ್. ಬೇಕು. ಹಾರಿಸುವ ಮುನ್ನ ಅದು ಸರಿಯಾಗಿ ಸಿಗುತ್ತಿದೆಯೇ ನೋಡಿರಿ.

4. ಡ್ರೋನ್ ನಿಯಮಗಳು, 2021ರಂತೆ ನೋಂದಣಿಯಾದ ಡ್ರೋನನ್ನು ಮಾತ್ರ, ಪ್ರಮಾಣಪತ್ರವುಳ್ಳ ಚಾಲಕರಿಂದಲೇ ಹಾರಿಸಿರಿ.

5. ಸರ್ಕಾರದ ಅನುಮತಿಯಿಲ್ಲದೆ ಖಾಸಗಿಯವರು ಜ್ಯಾಮರ್ ಬಳಸುವುದು ಕಾನೂನುಬಾಹಿರ. ನೆರೆಯವರ ಡ್ರೋನು ತಡೆಯಲೆಂದು ಕೊಳ್ಳಬೇಡಿರಿ.

ಯಂತ್ರಕ್ಕೆ ಎಷ್ಟೇ ಬುದ್ಧಿ ಬಂದರೂ ಬದುವಿನ ಮೇಲೆ ನಿಂತವರ ಎಚ್ಚರವೇ ನೆರೆಹೊಲಕ್ಕೆ ರಕ್ಷೆ.