ಪದ್ಮಶ್ರೀ ಕೊಡೋದು ಯಾರು, ಹೆಸರು ಬರೆಯೋದು ಯಾರು?

2025ರ ಜನವರಿ 25. ಫಸ್ಟ್ ಸೆಮ್ ಎಕ್ಸಾಮ್ ಮುಗಿಸಿ ಊರಿಗೆ, ಅಂದ್ರೆ ಗಂಗಾವತಿ ಹತ್ತಿರದ ಶ್ರೀರಾಮನಗರಕ್ಕೆ ಬಂದಿದ್ದೆ. ರಾತ್ರಿ ಊಟದ ಹೊತ್ತಿಗೆ ಮನೆಯವರೆಲ್ಲರ ಫೋನಿಗೂ ಒಂದೇ ಫೋಟೋ ಬರೋಕೆ ಶುರುವಾಯ್ತು. ಸುಕ್ಕು ಮುಖದ ಒಬ್ಬ ಅಜ್ಜಿ, ಕೈಯಲ್ಲಿ ಬಣ್ಣದ ತೊಗಲು ಗೊಂಬೆ. ಕೆಳಗೆ "ನಮ್ಮ ಕೊಪ್ಪಳದ ಭೀಮವ್ವಗೆ ಪದ್ಮಶ್ರೀ" ಅಂತ ಬರೆದಿತ್ತು.

ನಿಜ ಹೇಳ್ತೀನಿ, ನನಗೆ ಆ ಹೆಸರು ಗೊತ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಜಿಕೆ ಪುಸ್ತಕದಲ್ಲಿ ಭಾರತ ರತ್ನ ಪಡೆದವರ ಲಿಸ್ಟ್ ಬಾಯಿಪಾಠ ಮಾಡಿದ್ದೆ. ಆದರೆ ನನ್ನದೇ ಜಿಲ್ಲೆಯ ಮೋರನಾಳ ಗ್ರಾಮದಲ್ಲಿ, 96 ವರ್ಷದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅನ್ನೋ ಕಲಾವಿದೆ ಇದ್ದಾರೆ, ಎಪ್ಪತ್ತು ವರ್ಷಕ್ಕೂ ಮೇಲೆ ತೊಗಲು ಗೊಂಬೆಯಾಟ ಆಡಿಸಿದ್ದಾರೆ, ಹನ್ನೆರಡಕ್ಕೂ ಹೆಚ್ಚು ದೇಶಗಳಲ್ಲಿ ರಾಮಾಯಣ, ಮಹಾಭಾರತದ ಕಥೆ ತೋರಿಸಿ ಬಂದಿದ್ದಾರೆ ಅನ್ನೋದು ದಿಲ್ಲಿಯಿಂದ ಲಿಸ್ಟ್ ಬಂದ ಮೇಲೇ ನನಗೆ ಗೊತ್ತಾಗಿದ್ದು.

ನಮ್ಮಜ್ಜಿಗೆ ಫೋಟೋ ತೋರಿಸಿದೆ. ಫೋನ್ ಕಣ್ಣಿನ ಹತ್ತಿರ ಹಿಡ್ಕೊಂಡು ನೋಡಿ, "ಗೊಂಬಿ ಆಟದವ್ರಿಗೆ ಕೊಟ್ಟಾರೇನು? ಚಲೋ ಆತು ಬಿಡು. ನಾವು ಸಣ್ಣವ್ರಿದ್ದಾಗ ಮಳಿ ಆಗ್ಲಿಲ್ಲಂದ್ರ ಊರಾಗ ಗೊಂಬಿ ಆಟ ಆಡಸ್ತಿದ್ರು" ಅಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು: "ಯವ್ವಾ, ಇಂಥಾದ್ದಕ್ಕ ಹೆಸ್ರು ಯಾರು ಕೊಡ್ತಾರ?"

ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿದೆ. ಸಿಕ್ಕಿದ್ದನ್ನು ನಿಮಗೂ ಹೇಳ್ತೀನಿ.

ಮೊದಲು ಬೇಸಿಕ್ಸ್

ಭಾರತ ರತ್ನ ಮತ್ತು ಪದ್ಮ ಪ್ರಶಸ್ತಿ ಶುರುವಾಗಿದ್ದು 1954ರಲ್ಲಿ. ಆಗ ಪದ್ಮ ವಿಭೂಷಣ ಅಂತ ಒಂದೇ ಹೆಸರು, ಅದರಲ್ಲಿ ಪೆಹಲಾ ವರ್ಗ, ದೂಸ್ರಾ ವರ್ಗ, ತೀಸ್ರಾ ವರ್ಗ ಅಂತ ಮೂರು ದರ್ಜೆ. ನಮ್ಮ ಟ್ರೈನ್ ಟಿಕೆಟ್ ಇದ್ದಂಗೆ! 1955ರ ಜನವರಿಯಲ್ಲಿ ಅವುಗಳ ಹೆಸರು ಬದಲಾಯಿಸಿ ಪದ್ಮ ವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಅಂತ ಮಾಡಿದರು.

ಭಾರತ ರತ್ನದ ದಾರಿ ಬೇರೆ. ಅದಕ್ಕೆ ಪ್ರಧಾನಿ ನೇರವಾಗಿ ರಾಷ್ಟ್ರಪತಿಗೆ ಶಿಫಾರಸು ಮಾಡ್ತಾರೆ. ವರ್ಷಕ್ಕೆ ಮೂರೇ ಅನ್ನೋ ಮಿತಿ ಇದೆ, ಆದರೂ 2024ರಲ್ಲಿ ಐದು ಘೋಷಣೆಯಾದವು. ನಮ್ಮ ಬ್ರಾಂಚಿನವರೆಲ್ಲ ಹೆಮ್ಮೆ ಪಡಬೇಕಾದ ವಿಷಯ ಅಂದ್ರೆ, 1955ರಲ್ಲೇ ಒಬ್ಬ ಎಂಜಿನಿಯರ್‌ಗೆ ಅದು ಸಿಕ್ಕಿತ್ತು. ಯಾರು ಅಂತ ಹೇಳೋದೇ ಬೇಡ, ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕೋ ಸರ್ ಎಂ. ವಿಶ್ವೇಶ್ವರಯ್ಯ.

ಪದ್ಮ ಪ್ರಶಸ್ತಿಗೆ ಪ್ರತಿ ವರ್ಷ ಪ್ರಧಾನಿ ಒಂದು ಸಮಿತಿ ಮಾಡ್ತಾರೆ. ಸಂಪುಟ ಕಾರ್ಯದರ್ಶಿ ಅದರ ಅಧ್ಯಕ್ಷರು. ಗೃಹ ಕಾರ್ಯದರ್ಶಿ, ರಾಷ್ಟ್ರಪತಿಯವರ ಕಾರ್ಯದರ್ಶಿ, ಜೊತೆಗೆ ನಾಲ್ಕರಿಂದ ಆರು ಜನ ಗಣ್ಯರು ಇರ್ತಾರೆ. ಅವರು ಆರಿಸಿದ ಹೆಸರುಗಳು ಪ್ರಧಾನಿ ಮತ್ತು ರಾಷ್ಟ್ರಪತಿಯವರ ಒಪ್ಪಿಗೆಗೆ ಹೋಗ್ತವೆ. ಗಣರಾಜ್ಯೋತ್ಸವದ ಹಿಂದಿನ ದಿನ ಘೋಷಣೆ, ಕೆಲವು ತಿಂಗಳ ನಂತರ ರಾಷ್ಟ್ರಪತಿ ಭವನದಲ್ಲಿ ಪ್ರದಾನ.

ವರ್ಷಕ್ಕೆ ಒಟ್ಟು 120ಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. "ಹಂಗಾದ್ರೆ 2025ರಲ್ಲಿ 139 ಹೆಂಗೆ?" ಅಂತ ನನ್ನ ರೂಮ್‌ಮೇಟ್ ಕೇಳಿದಳು. ಒಳ್ಳೆ ಪ್ರಶ್ನೆ. 7 ವಿಭೂಷಣ, 19 ಭೂಷಣ, 113 ಶ್ರೀ ಸೇರಿಸಿದ್ರೆ 139 ಆಗುತ್ತೆ. ಆದರೆ ಮರಣೋತ್ತರ ಪ್ರಶಸ್ತಿ, ವಿದೇಶಿಯರು ಮತ್ತು ಅನಿವಾಸಿ ಭಾರತೀಯರಿಗೆ ಕೊಟ್ಟ ಪ್ರಶಸ್ತಿ ಈ ಲೆಕ್ಕಕ್ಕೆ ಬರಲ್ಲ. ಅವನ್ನು ಕಳೆದರೆ 120ರ ಒಳಗೇ ಇರುತ್ತೆ.

ದುಡ್ಡು ಎಷ್ಟು?

ಹಾಸ್ಟೆಲ್ಲಿನಲ್ಲಿ ಈ ಲೇಖನ ಬರೀತೀನಿ ಅಂದಾಗ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಇದು. ಉತ್ತರ: ಸೊನ್ನೆ. ರಾಷ್ಟ್ರಪತಿಯವರ ಸಹಿ ಇರೋ ಸನ್ನದು, ಒಂದು ಪದಕ, ಕಾರ್ಯಕ್ರಮಗಳಿಗೆ ಹಾಕ್ಕೊಳ್ಳೋಕೆ ಅದರ ಚಿಕ್ಕ ಪ್ರತಿ. ನಗದು ಇಲ್ಲ, ರೈಲು ವಿಮಾನದಲ್ಲಿ ರಿಯಾಯಿತಿ ಇಲ್ಲ. ನಮ್ಮ ರಾಜ್ಯೋತ್ಸವ ಪ್ರಶಸ್ತಿಯೇ ಈ ವಿಷಯದಲ್ಲಿ ಮುಂದೆ, ಅದರಲ್ಲಿ 5 ಲಕ್ಷ ರೂಪಾಯಿ ಮತ್ತು 25 ಗ್ರಾಂ ಚಿನ್ನದ ಪದಕ ಕೊಡ್ತಾರೆ.

ಇನ್ನೊಂದು ವಿಷಯ ನನಗೆ ಶಾಕ್ ಆಯ್ತು. ಪ್ರಶಸ್ತಿ ಬಂದವರು ಹೆಸರಿನ ಹಿಂದೆ ಮುಂದೆ "ಪದ್ಮಶ್ರೀ" ಅಂತ ಹಾಕ್ಕೊಳ್ಳೋ ಹಾಗಿಲ್ಲ! ಗಂಗಾವತಿ ಸರ್ಕಲ್ಲಿನ ಫ್ಲೆಕ್ಸ್‌ಗಳನ್ನು ನೋಡಿ ಬೆಳೆದ ನನಗೆ ಇದು ನಂಬೋಕೇ ಆಗಲಿಲ್ಲ. ಕಾರಣ ಸಂವಿಧಾನದ 18ನೇ ವಿಧಿ. ರಾವ್ ಬಹದ್ದೂರ್, ಸರ್ ಅಂತ ಬ್ರಿಟಿಷರು ಬಿರುದು ಕೊಡ್ತಿದ್ರಲ್ಲ, ಸ್ವತಂತ್ರ ದೇಶದಲ್ಲಿ ಎಲ್ಲರೂ ಸಮಾನ, ಸರ್ಕಾರ ಯಾರಿಗೂ ಬಿರುದು ಕೊಡಬಾರದು ಅನ್ನುತ್ತೆ ಆ ವಿಧಿ. ಮಿಲಿಟರಿ ಮತ್ತು ವಿದ್ಯೆಯ ಗೌರವಗಳಿಗೆ ಮಾತ್ರ ವಿನಾಯಿತಿ.

ಹಾಗಾದ್ರೆ ಪದ್ಮಶ್ರೀ ಬಿರುದಲ್ವಾ? ಇದೇ ಪ್ರಶ್ನೆ ಕೋರ್ಟಿಗೂ ಹೋಯ್ತು. ಅದಕ್ಕೂ ಮೊದಲು ಜನತಾ ಸರ್ಕಾರ ಈ ಪ್ರಶಸ್ತಿಗಳನ್ನೇ ನಿಲ್ಲಿಸಿತ್ತು, 1978 ಮತ್ತು 1979ರಲ್ಲಿ ಯಾರಿಗೂ ಕೊಡಲಿಲ್ಲ. ಕೇಸ್ ನಡೆದ ಸಮಯದಲ್ಲಿ 1993ರಿಂದ 1997ರವರೆಗೆ ಮತ್ತೆ ಬಂದ್. 1995ರ ಡಿಸೆಂಬರ್ 15ರಂದು ಬಾಲಾಜಿ ರಾಘವನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇವು ಬಿರುದಲ್ಲ, ಕೆಲಸಕ್ಕೆ ಕೊಡೋ ಗೌರವ, ಆದ್ದರಿಂದ ಕೊಡಬಹುದು. ಆದರೆ ಹೆಸರಿಗೆ ಅಂಟಿಸ್ಕೊಂಡ್ರೆ ಅದು ಬಿರುದೇ ಆಗುತ್ತೆ, ಹಾಗೆ ಮಾಡಬಾರದು. ಮಾಡಿದ್ರೆ ಪ್ರಶಸ್ತಿ ವಾಪಸ್ ಪಡೆಯೋಕೂ ಅವಕಾಶ ಇದೆ.

ಈಗ ಅಜ್ಜಿಯ ಪ್ರಶ್ನೆ

ಹೆಸರು ಯಾರು ಕೊಡ್ತಾರೆ? ಮೊದಲು ಹೆಚ್ಚಾಗಿ ರಾಜ್ಯ ಸರ್ಕಾರಗಳು, ಮಂತ್ರಿಗಳು, ದೊಡ್ಡ ಸಂಸ್ಥೆಗಳು, ಹಿಂದೆ ಪ್ರಶಸ್ತಿ ಪಡೆದವರು ಹೆಸರು ಕಳಿಸ್ತಿದ್ರು. ದಿಲ್ಲಿಗೆ ಹತ್ತಿರ ಇದ್ದವರಿಗೆ ದಾರಿ ಸುಲಭ ಇತ್ತು. ಈಗ ನಾಮನಿರ್ದೇಶನ ಆನ್‌ಲೈನ್ ಆಗಿದೆ. ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಯಾವ ನಾಗರಿಕರು ಬೇಕಾದರೂ ಯಾರ ಹೆಸರು ಬೇಕಾದರೂ ಕಳಿಸಬಹುದು. ತಮ್ಮ ಹೆಸರನ್ನು ತಾವೇ ಕೂಡ ಕಳಿಸಬಹುದು. 2026ರ ಪ್ರಶಸ್ತಿಗೆ 2025ರ ಮಾರ್ಚ್ 15ರಿಂದ ಜುಲೈ 31ರವರೆಗೆ ಟೈಮ್ ಕೊಟ್ಟಿದ್ದರು.

ಫಾರ್ಮ್‌ನ ಮುಖ್ಯ ಭಾಗ ಒಂದು ವಿವರಣೆ. ಆ ವ್ಯಕ್ತಿ ಏನು ಮಾಡಿದ್ದಾರೆ, ಅದರಲ್ಲಿ ವಿಶೇಷ ಏನು ಅಂತ ಹೆಚ್ಚೆಂದರೆ 800 ಪದಗಳಲ್ಲಿ ಬರೀಬೇಕು. ನಮ್ಮ ಲ್ಯಾಬ್ ರೆಕಾರ್ಡಿನ ಒಂದು ಎಕ್ಸ್‌ಪೆರಿಮೆಂಟ್ ಅಷ್ಟೇ. ಅಷ್ಟೇ ಅಂತ ನಾನೂ ಅಂದ್ಕೊಂಡೆ.

ಈಚಿನ ವರ್ಷಗಳ ಲಿಸ್ಟ್ ನೋಡಿದ್ರೆ ಇಂಥ ವಿವರಣೆ ಎಷ್ಟು ಮುಖ್ಯ ಅಂತ ಗೊತ್ತಾಗುತ್ತೆ. ಮಂಗಳೂರಲ್ಲಿ ಕಿತ್ತಳೆ ಹಣ್ಣು ಮಾರ್ತಿದ್ದ ಹರೇಕಳ ಹಾಜಬ್ಬ ಅವರಿಗೆ ಒಮ್ಮೆ ವಿದೇಶಿಯರು ಇಂಗ್ಲಿಷಿನಲ್ಲಿ ರೇಟ್ ಕೇಳಿದ್ದು ಅರ್ಥ ಆಗಲಿಲ್ಲ. ನಮ್ಮೂರ ಮಕ್ಕಳಿಗೆ ಹೀಗಾಗಬಾರದು ಅಂತ ಹಣ್ಣು ಮಾರಿದ ದುಡ್ಡು ಕೂಡಿಸಿ ಊರಿಗೆ ಶಾಲೆ ತಂದರು. ಎಲ್‌ಕೆಜಿಯಿಂದ ಇಂಗ್ಲಿಷ್ ಓದಿದ ನನಗೆ ಇದನ್ನು ಓದಿದಾಗ ಸ್ವಲ್ಪ ನಾಚಿಕೆ ಆಯ್ತು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಎಂಜಿನಿಯರಿಂಗ್ ಓದಿದವರಲ್ಲ. ಬೆಳಿಗ್ಗೆ ಎಚ್ಚರ ಆಗಲ್ಲ ಅಂತ ಅಲಾರಂ ಕೀಲಿಗೆ ದಾರ ಕಟ್ಟಿ, ಅದು ಬಾಟಲಿ ಬಗ್ಗಿಸಿ ಮುಖಕ್ಕೆ ನೀರು ಬೀಳೋ ಹಾಗೆ ಮಾಡಿದ್ದು ಅವರ ಮೊದಲ ಪ್ರಾಜೆಕ್ಟ್! ಆಮೇಲೆ ಹುಣಸೆ ಬೀಜ ಬೇರೆ ಮಾಡೋ ಯಂತ್ರ, ಬಿತ್ತನೆ ಕೂರಿಗೆ ಅಂತ ಎಷ್ಟೋ ಮಾಡಿದರು. 2022ರಲ್ಲಿ ಪದ್ಮಶ್ರೀ. ನಮ್ಮ ಮಿನಿ ಪ್ರಾಜೆಕ್ಟ್ ನೆನಪಾಯ್ತಾ?

ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಅವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅದೂ ದುಡ್ಡು ತಗೊಳ್ಳದೆ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು.

ನಾನು ಬರೆಯೋಕೆ ಕೂತಾಗ

ನರಸಮ್ಮ ಅವರ ಬಗ್ಗೆ ಓದಿ ಹೇಳಿದಾಗ ಅಜ್ಜಿ ಸುಮ್ಮನಾದಳು. ಆಮೇಲೆ, "ನಿಮ್ಮಪ್ಪ ಹುಟ್ಟಿದಾಗ ಆಸ್ಪತ್ರಿ ಎಲ್ಲಿತ್ತು? ಹಿಂದಿನ ಓಣಿ ಆಯಿನ ಬಂದಿದ್ಲು. ರಾತ್ರಿ ಕೆನಾಲ್ ದಂಡಿ ಹಿಡಿದು ಕಂದೀಲ ಹಿಡ್ಕೊಂಡು ಹೊಕ್ಕಿದ್ಲು. ಒಂದು ಸೀರಿ, ಒಂದು ಸೇರು ಅಕ್ಕಿ ಕೊಟ್ರ ಸಾಕು. ಕೊಡ್ಲಿಲ್ಲಂದ್ರೂ ಬರ್ತಿದ್ಲು" ಅಂದಳು.

ಆ ಆಯಿಯನ್ನು ನಾನೂ ನೋಡಿದ್ದೆ. ಸಣ್ಣವಳಿದ್ದಾಗ ಅವರ ಮನೆ ಮುಂದೆ ಸೈಕಲ್ ಹೊಡೆದು ಬೈಸಿಕೊಂಡಿದ್ದೀನಿ. ಅವರು ಸೂಲಗಿತ್ತಿ ಅನ್ನೋದೇ ಗೊತ್ತಿರಲಿಲ್ಲ. ಸುಮ್ಮನೆ ನೋಡೋಣ ಅಂತ ಅವರ ಬಗ್ಗೆ 800 ಪದ ಬರೆಯೋಕೆ ಕೂತೆ. ಎಷ್ಟು ಹೆರಿಗೆ ಮಾಡಿಸಿದ್ರು? ಅಜ್ಜಿಗೆ ಗೊತ್ತಿಲ್ಲ. ಯಾವ ಯಾವ ಊರಿಗೆ ಹೋಗ್ತಿದ್ರು? "ಕರದಲ್ಲಿಗೆ." ಎಷ್ಟನೇ ವಯಸ್ಸಿಂದ? ಯಾರ ಹತ್ತಿರ ಕಲಿತ್ರು? ಹೇಳೋಕೆ ಯಾರೂ ಇಲ್ಲ. ಆಯಿ ತೀರಿಕೊಂಡು ಎರಡು ವರ್ಷ ಆಗಿತ್ತು. ನನ್ನ ಫೈಲ್ ಅರವತ್ತು ಪದಕ್ಕೆ ನಿಂತಿತು.

ಇನ್ನು ಕಳಿಸಿದ್ರೂ ಪ್ರಯೋಜನ ಇಲ್ಲ. ಸಾಮಾನ್ಯವಾಗಿ ಮರಣೋತ್ತರವಾಗಿ ಪದ್ಮ ಪ್ರಶಸ್ತಿ ಕೊಡಲ್ಲ. ತೀರಾ ಯೋಗ್ಯ ಅನ್ನಿಸಿದಾಗ, ಅದೂ ಈಚೆಗೆ ತೀರಿಕೊಂಡಿದ್ದರೆ ಮಾತ್ರ ನೋಡ್ತಾರೆ. ಕೆಲಸ ಎಷ್ಟೇ ದೊಡ್ಡದಿರಲಿ, ಬರೆದಿಟ್ಟವರು ಇಲ್ಲದಿದ್ರೆ ಸಮಿತಿ ಮುಂದೆ ಅದು ಇಲ್ಲವೇ ಇಲ್ಲ.

ಪ್ರಶಸ್ತಿ ಬಂದ ಮಾತ್ರಕ್ಕೆ ಎಲ್ಲ ಸರಿ ಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಭೀಮವ್ವ ಅವರಿಗೆ ಪದಕ ಬಂದಿದ್ದು 96ಕ್ಕೆ. ತೊಗಲು ಹದ ಮಾಡಿ, ಬೆಳಕು ಹಾಯುವಷ್ಟು ತೆಳು ಮಾಡಿ, ಬಣ್ಣ ಹಾಕಿ, ಬಿಳಿ ಪರದೆ ಹಿಂದೆ ದೀಪ ಇಟ್ಟು, ಹಾಡುತ್ತಾ ಗೊಂಬೆ ಕುಣಿಸೋದನ್ನು ಕಲಿಯೋಕೆ ಮುಂದಿನವರು ಬೇಕು, ನೋಡೋಕೆ ಜನ ಬೇಕು. ಅದನ್ನು ಪದಕ ತಂದು ಕೊಡಲ್ಲ. ಯಾರಾದ್ರೂ ನೋಡಲಿ ಅಂತ ಕೆಲಸ ಮಾಡಿದವರೂ ಅಲ್ಲ ಇವರು. ಆದರೆ ಒಂದಂತೂ ಆಯ್ತು. ನನ್ನಂಥ ಒಬ್ಬಳಿಗೆ ಪಕ್ಕದ ಊರಿನ ಹೆಸರು ಗೊತ್ತಾಯ್ತು.

ಆಮೇಲೆ ಯೋಚನೆ ಮಾಡಿದೆ. ಆನ್‌ಲೈನ್ ಫಾರ್ಮ್ ತುಂಬೋದು ನಮಗೇನು ಹೊಸದಲ್ಲ. ಸಿಇಟಿ, ಸ್ಕಾಲರ್‌ಶಿಪ್, ಇಂಟರ್ನ್‌ಶಿಪ್ ಅಂತ ತುಂಬ್ತಾನೇ ಇದ್ದೀವಿ. ನಮ್ಮ ಊರುಗಳ ಹಿರಿಯರಿಗೆ ಬಾರದೇ ಇರೋದು, ನಮಗೆ ಬರೋದು ಇದೊಂದೇ ಇರಬಹುದು. ಅದಕ್ಕೇ ಕ್ಲಬ್ಬಿನವರಿಗೆ ಒಂದು ಮಾತು. ಈ ಸಲ ರಜೆಗೆ ಊರಿಗೆ ಹೋದಾಗ ಒಬ್ಬರ ಹತ್ತಿರ ಒಂದು ಗಂಟೆ ಕೂತುಕೊಳ್ಳಿ. ನಾಟಿ ವೈದ್ಯರು, ಭಜನೆ ಹೇಳಿಕೊಡೋರು, ಗಿಡ ನೆಟ್ಟವರು, ಸಾಲಿ ಮಾಸ್ತರು, ಯಾರಾದ್ರೂ ಸರಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ವರ್ಷ ಕೇಳಿ, ಊರು ಕೇಳಿ, ಎಷ್ಟು ಅಂತ ಕೇಳಿ, ಯಾರಿಂದ ಕಲಿತ್ರಿ ಅಂತ ಕೇಳಿ. ದಿಲ್ಲಿಗೆ ಕಳಿಸೋದು ಬಿಡೋದು ಆಮೇಲೆ ನೋಡೋಣ. ಮೊದಲು ನಮ್ಮ ಈ ಪತ್ರಿಕೆಗೇ ಕಳಿಸಿ.

ನಾನು ಸದ್ಯ ಅಜ್ಜಿಯಿಂದಲೇ ಶುರು ಮಾಡಿದ್ದೀನಿ. ಫೋನ್ ಮುಂದಿಟ್ಟಾಗ "ನಂದೇನೈತಿ ಬರಿಯಾಕ?" ಅಂದಳು. ಆಮೇಲೆ ನಲವತ್ತು ನಿಮಿಷ ಮಾತಾಡಿದಳು.