ಕೆರೆಯ ಹಕ್ಕಿಗಳು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲಿನಲ್ಲಿ ನೀರಿನ ಬಳಿ ವಿಶ್ರಮಿಸುವ ಇವು ರಾತ್ರಿ ಸುತ್ತಲಿನ ಹೊಲಗದ್ದೆಗಳಲ್ಲಿ ಮೇಯುತ್ತವೆ. ಆದುದರಿಂದ ಕೆರೆಯನ್ನಷ್ಟೇ ಕಾಯ್ದರೆ ಸಾಲದು. ಬೆಳೆ ಕಳೆದುಕೊಂಡ ರೈತರ ಅಹವಾಲನ್ನೂ ಆಲಿಸಬೇಕು. ಆಲಿಸದಿದ್ದಲ್ಲಿ ಬಲೆ ಮತ್ತು ವಿಷಕ್ಕೆ ದಾರಿಯಾಗುತ್ತದೆ.

ಜೀವವೈವಿಧ್ಯ ಅಧಿನಿಯಮ, 2002ರ ಪ್ರಕರಣ 41ರಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಸದಸ್ಯರು ತಮ್ಮ ಕೆರೆಗೆ ಬರುವ ಹಕ್ಕಿಗಳು, ಬರುವ ತಿಂಗಳು, ಮೇಯುವ ಹೊಲಗಳು ಹಾಗೂ ಬೆಳೆಹಾನಿಯನ್ನು ಈ ಸಮಿತಿಯ ಮೂಲಕ ದಾಖಲಿಸುವುದು. ಹೂಳೆತ್ತುವ ಕಾಮಗಾರಿಯ ಅಂದಾಜುಪಟ್ಟಿಯಲ್ಲಿಯೇ ಆಳವಿಲ್ಲದ ಅಂಚನ್ನೂ ಗೂಡು ಕಟ್ಟುವ ಜಾಲಿ ಮರಗಳನ್ನೂ ಉಳಿಸಿಕೊಳ್ಳುವುದು. ಅಂಚು ಅಳಿದರೆ ನೀರು ತುಂಬಿದ್ದರೂ ಅಲ್ಲಿ ಮೇಯುವ ಹಕ್ಕಿಗಳಿಗೆ ನೆಲೆ ಇರುವುದಿಲ್ಲ.