ಮೇಲೆ ಥಳುಕು, ಒಳಗೆ ಹುಳುಕು: ಹಳೆಯ ಮಿನಿ ಕಾರಿಗೆ ಹೊಸ ತಳಪಾಯ

ಮನೆ ಗಟ್ಟಿಯೋ ಅಲ್ಲವೋ ಎಂದು ತಿಳಿಯಬೇಕಾದರೆ ಗೋಡೆಯ ಸುಣ್ಣ ನೋಡಿದರೆ ಸಾಲದು, ತಳಪಾಯ ನೋಡಬೇಕು. ಹಳೆಯ ಕಾರಿನ ಮಾತೂ ಇಷ್ಟೇ. ಬಣ್ಣ ಥಳಥಳ ಹೊಳೆಯುತ್ತಿರುತ್ತದೆ. ಆದರೆ ಬ್ರೇಕ್ ಒತ್ತಿದಾಗಲೆಲ್ಲ ಅಡಿಯಿಂದ 'ಟಕ್' ಎಂಬ ಸದ್ದು. ಸ್ಟೀರಿಂಗ್ ನೇರ ಹಿಡಿದಿದ್ದರೂ ಕಾರು ಒಂದು ಬದಿಗೆ ಎಳೆಯುತ್ತದೆ. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿದೆ. ಬ್ರಿಟನ್ನಿನ ಪ್ರಸಿದ್ಧ ಮಿನಿ ಕಾರನ್ನು ಇಟ್ಟುಕೊಂಡವರಿಗೆ ಈ ಲಕ್ಷಣಗಳು ಕಂಡರೆ ಎದೆ ಧಸಕ್ಕೆನ್ನುತ್ತದೆ. ಮುಂದಿನ ಸಬ್‌ಫ್ರೇಮ್‌ಗೆ ಆಯುಸ್ಸು ಮುಗಿಯಿತೇ ಎಂಬ ಅನುಮಾನ ಮೂಡುತ್ತದೆ.

ಏನಿದು ಸಬ್‌ಫ್ರೇಮ್? ಅದಕ್ಕೆ ಮೊದಲು ಮಿನಿ ಹುಟ್ಟಿದ ಕಥೆ ಕೇಳಿ. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ತತ್ವಾರ ಬಂತು. ಕಡಿಮೆ ಕುಡಿದು ಹೆಚ್ಚು ಓಡುವ ಪುಟ್ಟ ಕಾರು ಬೇಕಾಯಿತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಈ ಹೊಣೆಯನ್ನು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರರಿಗೆ ವಹಿಸಿತು. ವಿದ್ಯಾರ್ಥಿಯಾಗಿದ್ದಾಗ ಗಣಿತದ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದವರು ಈತ! 1959ರ ಆಗಸ್ಟ್ 26ರಂದು ಬಿಡುಗಡೆಯಾದ ಇವರ ಕಾರಿನ ಉದ್ದ ಬರೀ 10 ಅಡಿ. ಆದರೂ ನಾಲ್ವರು ಕೂರಬಹುದಿತ್ತು. 2000ದ ವರೆಗೆ 53 ಲಕ್ಷಕ್ಕೂ ಹೆಚ್ಚು ಮಿನಿಗಳು ತಯಾರಾದವು. 1964, 1965 ಮತ್ತು 1967ರ ಮಾಂಟೆ ಕಾರ್ಲೊ ರ‍್ಯಾಲಿಗಳನ್ನೂ ಈ ಕುಳ್ಳ ಕಾರು ಗೆದ್ದುಕೊಂಡಿತು.

ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಅದರ ಅಡಿಯಲ್ಲೇ ಗೇರ್‌ಬಾಕ್ಸ್ ಇಟ್ಟು, ಮುಂದಿನ ಗಾಲಿಗಳಿಗೆ ಶಕ್ತಿ ಕೊಟ್ಟದ್ದು ಇಸಿಗೋನಿಸ್‌ರ ಜಾಣತನ. ಸ್ಪ್ರಿಂಗಿನ ಜಾಗದಲ್ಲಿ ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಶಂಕುಗಳು ಬಂದವು. ಇಷ್ಟೆಲ್ಲ ಭಾರ, ಅದುರು, ರಸ್ತೆಯ ಹೊಡೆತಗಳನ್ನು ತೆಳು ತಗಡಿನ ದೇಹ ನೇರವಾಗಿ ತಾಳಲಾರದು. ಅದಕ್ಕೇ ನಡುವೆ ಒಂದು ಉಕ್ಕಿನ ಚೌಕಟ್ಟು. ಎಂಜಿನ್, ಗಾಲಿಯ ತೋಳುಗಳು, ರಬ್ಬರ್ ಶಂಕುಗಳು ಎಲ್ಲವನ್ನೂ ಹೊತ್ತು ದೇಹಕ್ಕೆ ಬೋಲ್ಟಾಗಿ ನಿಲ್ಲುವ ಇದೇ ಮುಂದಿನ ಸಬ್‌ಫ್ರೇಮ್. ಹಿಂದೆಯೂ ಇಂಥದೇ ಇನ್ನೊಂದಿದೆ.

ಉಪ್ಪು ತಿಂದ ಉಕ್ಕು

ಚಳಿಗಾಲದಲ್ಲಿ ಹಿಮಗಟ್ಟದಿರಲೆಂದು ಬ್ರಿಟನ್ನಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ರಸಾಯನಶಾಸ್ತ್ರದ ಪಾಠ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಮೊದಲು ಕೊಳೆಯುವುದು ಸಾಮಾನ್ಯವಾಗಿ ಹಿಂದಿನ ಚೌಕಟ್ಟು. ಮುಂದಿನದನ್ನು ಎಂಜಿನ್ನಿನಿಂದ ಸೋರುವ ಎಣ್ಣೆಯೇ ಕಾಪಾಡುತ್ತದೆ ಎಂದು ಮಿನಿ ಪ್ರಿಯರು ನಗುತ್ತಾರೆ. ಆದರೆ ಅದಕ್ಕೂ ಸವೆತ ತಪ್ಪಿದ್ದಲ್ಲ. ಗಾಲಿಯ ತೋಳುಗಳನ್ನು ಹಿಡಿದ ತೂತುಗಳು ಅಗಲವಾಗುತ್ತವೆ, ಬೆಸುಗೆ ಬಿರುಕು ಬಿಡುತ್ತದೆ, ಹಿಂದೆಂದೋ ಆದ ಅಪಘಾತದಲ್ಲಿ ಚೌಕಟ್ಟು ಸೊಟ್ಟಗಾಗಿರುತ್ತದೆ. 1976ರಿಂದೀಚೆಗಿನ ಮಿನಿಗಳಲ್ಲಿ ಚೌಕಟ್ಟು ಮತ್ತು ದೇಹದ ನಡುವೆ ರಬ್ಬರ್ ಗುಂಡುಗಳಿವೆ. ಅವೂ ಹಳತಾಗಿ ಹರಿಯುತ್ತವೆ.

ಜಾಣ ಮೆಕ್ಯಾನಿಕ್ ಮೊದಲು ಪರೀಕ್ಷಿಸುವುದು ಈ ರಬ್ಬರುಗಳನ್ನೇ. ಅಗ್ಗದ ರಬ್ಬರ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಚೌಕಟ್ಟನ್ನೇಕೆ ಬಿಚ್ಚಬೇಕು? ರೋಗ ಯಾವುದೆಂದು ತಿಳಿಯದೆ ಔಷಧ ಕೊಡಬಾರದಷ್ಟೆ.

ಬಿಚ್ಚುವ ಬಗೆ

ಚೌಕಟ್ಟೇ ಕೆಟ್ಟಿದೆಯೆಂದು ಖಾತ್ರಿಯಾದರೆ ಕೆಲಸ ಶುರು. ಬ್ಯಾಟರಿ ಸಂಪರ್ಕ ಕಳಚಿ, ರೇಡಿಯೇಟರಿನ ನೀರು ಇಳಿಸುತ್ತಾರೆ. ಪೆಟ್ರೋಲ್ ಕೊಳವೆ, ಬ್ರೇಕ್ ಕೊಳವೆ, ಸೈಲೆನ್ಸರ್ ಪೈಪು, ವೈರು, ಕೇಬಲ್ಲು, ಗೇರ್ ಸರಳು, ಸ್ಟೀರಿಂಗ್ ತುದಿಗಳು ಒಂದೊಂದಾಗಿ ಬೇರೆಯಾಗುತ್ತವೆ. ಪ್ರತಿಯೊಂದಕ್ಕೂ ಚೀಟಿ ಕಟ್ಟಿಡುವುದು ಒಳ್ಳೆಯದು. ಬಿಚ್ಚಿದ್ದು ನೆನಪಿರುತ್ತದೆ ಎಂದುಕೊಂಡವರು ಜೋಡಿಸುವಾಗ ತಲೆ ಕೆರೆದುಕೊಳ್ಳುತ್ತಾರೆ.

ಕೊನೆಗೆ ಚೌಕಟ್ಟನ್ನು ದೇಹಕ್ಕೆ ಹಿಡಿದ ಬೋಲ್ಟುಗಳ ಸರದಿ. ಮೇಲೆ ಎರಡು ಗೋಪುರಗಳ ತುದಿಯಲ್ಲಿ, ಮುಂದುಗಡೆ, ಹಿಂದೆ ನೆಲದ ತಗಡಿನ ಬಳಿ. ಇವು ಕಳಚಿದ ಮೇಲೆ ಹಲವರು ಅನುಸರಿಸುವ ಕ್ರಮ ತಮಾಷೆಯದು. ಎಂಜಿನ್ನನ್ನು ಮೇಲೆತ್ತುವುದಿಲ್ಲ, ಕಾರಿನ ದೇಹವನ್ನೇ ಮೇಲೆತ್ತುತ್ತಾರೆ! ಎಂಜಿನ್ ಹೊತ್ತ ಚೌಕಟ್ಟು ತನ್ನದೇ ಗಾಲಿಗಳ ಮೇಲೆ ತಳ್ಳುಗಾಡಿಯಂತೆ ಹೊರಗೆ ಬರುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಬರಿಯ ಜಾಕಿ ನಂಬಿ ಕಾರಿನ ಅಡಿಗೆ ಎಂದೂ ನುಸುಳಬಾರದು. ಗಟ್ಟಿ ಸ್ಟ್ಯಾಂಡುಗಳ ಆಸರೆ ಇರಲೇಬೇಕು. ಇನ್ನು ರಬ್ಬರ್ ಶಂಕು. ಅದು ಅದುಮಿಟ್ಟ ಶಕ್ತಿಯ ಗಂಟು. ಅದನ್ನು ಹಿಡಿದಿಡುವ ವಿಶೇಷ ಉಪಕರಣವಿಲ್ಲದೆ ಗಾಲಿಯ ತೋಳು ಬಿಚ್ಚಹೊರಟರೆ ಕೈಗೆ ಪೆಟ್ಟು ಬೀಳಬಹುದು.

ಹೊಸ ಚೌಕಟ್ಟನ್ನು ಕೂರಿಸುವಾಗ ಒಂದು ಬೋಲ್ಟನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುವುದಿಲ್ಲ. ಎಲ್ಲವನ್ನೂ ಸಡಿಲವಾಗಿ ತೂರಿಸಿ, ಸಾಲು ಸರಿಯಾದ ಮೇಲೆ ಟಾರ್ಕ್ ರೆಂಚಿನಿಂದ ಲೆಕ್ಕಕ್ಕೆ ತಕ್ಕಂತೆ ಬಿಗಿಯುತ್ತಾರೆ. ಬ್ರೇಕ್ ಕೊಳವೆಯಲ್ಲಿ ಸೇರಿದ ಗಾಳಿಯನ್ನು ಹೊರಹಾಕಲೇಬೇಕು. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಉಳಿದರೆ ಪೆಡಲ್ ಒತ್ತಿದರೂ ಕಾರು ನಿಲ್ಲದು. ಕಟ್ಟಕಡೆಗೆ ಗಾಲಿಗಳ ದಿಕ್ಕು. ಮಿನಿಯ ಮುಂದಿನ ಗಾಲಿಗಳು ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಹೊರಮುಖವಾಗಿರಬೇಕು. ಇಷ್ಟು ಸಣ್ಣ ಅಳತೆ ತಪ್ಪಿದರೂ ಹೊಸ ಟೈರು ಬೇಗ ಸವೆಯುತ್ತದೆ.

ಮೇಲ್ವಿಚಾರಕರಿಲ್ಲದ ಪರೀಕ್ಷೆ

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, 40 ವರ್ಷ ದಾಟಿದ ಮತ್ತು ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ವಾರ್ಷಿಕ ಸುರಕ್ಷತಾ ಪರೀಕ್ಷೆ ಕಡ್ಡಾಯವಲ್ಲ. ಆದರೆ ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಮಾಲೀಕನ ಮೇಲೇ ಉಳಿದಿದೆ. ತುಕ್ಕಿನ ಮೇಲೆ ಕಪ್ಪು ಬಣ್ಣ ಬಳಿದು ಸುಮ್ಮನಾದರೆ ಕೇಳುವವರಿಲ್ಲ. ಒಂದು ದಿನ ತಿರುವಿನಲ್ಲಿ ಗಾಲಿ ಕೈಕೊಟ್ಟಾಗ ಮಾತ್ರ ಫಲಿತಾಂಶ ಗೊತ್ತಾಗುತ್ತದೆ. ಒಳಗಿರುವ ಮಕ್ಕಳ ಜೀವ, ಎದುರಿಗೆ ಬರುವವರ ಜೀವ ಆ ಕಾಣದ ಬೋಲ್ಟುಗಳ ಮೇಲೆ ನಿಂತಿರುತ್ತದೆ.

ನಮಗೂ ಈ ಮನೆತನ ಅಪರಿಚಿತವಲ್ಲ. 2014ರವರೆಗೆ ತಯಾರಾದ ನಮ್ಮ ಅಂಬಾಸಿಡರ್, ಅದೇ ಬ್ರಿಟಿಷ್ ಸಂಸ್ಥೆಯ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಕೂಸು. 1983ರಲ್ಲಿ ಬಂದ ಮಾರುತಿ 800ರಲ್ಲೂ ಎಂಜಿನ್ ಅಡ್ಡಲಾಗಿಯೇ ಕೂತಿತ್ತು, ಮುಂದಿನ ಗಾಲಿಗಳೇ ಎಳೆಯುತ್ತಿದ್ದವು. ನಿಮ್ಮ ಮನೆಯ ವಾಹನವನ್ನು ಗ್ಯಾರೇಜಿನಲ್ಲಿ ಮೇಲೆತ್ತಿದಾಗ ಮಕ್ಕಳನ್ನೂ ಕರೆದೊಯ್ಯಿರಿ. ಅಡಿ ಏನಿದೆ ಎಂದು ಬಗ್ಗಿ ನೋಡಲಿ. ಬಟ್ಟೆಗೆ ಗ್ರೀಸು ಅಂಟಿದರೆ ಅಂಟಲಿ, ತೊಳೆದರೆ ಹೋಗುತ್ತದೆ. ಕಲಿತದ್ದು ಹೋಗುವುದಿಲ್ಲ.